ಮುಕ್ಕಾಲು ಮನುಷ್ಯನ ಮೋರಿ ನೀರು

ನಿಮ್ಮ ಮನೆಗೆ ನೆಂಟರು ಬಂದರೆ ಮೊದಲು ಏನು ನೋಡುತ್ತಾರೆ? ನಿಮ್ಮ ಮುಖ ನೋಡುತ್ತಾರೆ. ಸ್ವಲ್ಪ ಚುರುಕಾದವರು ಹೊಸ ಫ್ರಿಜ್ಜು ನೋಡಿ ರೇಟು ಕೇಳುತ್ತಾರೆ. ನನ್ನ ಹೆಂಡತಿಯ ತಮ್ಮ ಮಾತ್ರ ಮೋರಿ ನೋಡುತ್ತಾನೆ!

ಸುಳ್ಳಲ್ಲ. ಗೇಟು ತೆಗೆದವನು ಬಾಗಿಲ ಕಡೆ ತಿರುಗುವುದೇ ಇಲ್ಲ. ಗೋಡೆ ಪಕ್ಕದ ಸಂದಿಯಲ್ಲಿ ಸೀದಾ ಹಿತ್ತಲಿಗೆ ಹೋಗುತ್ತಾನೆ. ಅಡುಗೆಮನೆ, ಬಚ್ಚಲು, ಕಕ್ಕಸು ಎಲ್ಲದರ ನೀರೂ ಬಂದು ಕೂಡುವ ಚೇಂಬರಿನ ಮುಚ್ಚಳ ಎತ್ತಿ, ಕುಕ್ಕರುಗಾಲಲ್ಲಿ ಕೂತು, ದಾರ ಕಟ್ಟಿದ ಲೋಟ ಇಳಿಬಿಟ್ಟು, ಒಂದು ಬಾಟಲಿ ತುಂಬಿಕೊಳ್ಳುತ್ತಾನೆ. ಆಮೇಲೆ ನಲ್ಲಿ ಮೀಟರಿನ ಅಂಕಿ ಬರೆದುಕೊಳ್ಳುತ್ತಾನೆ. ಇಷ್ಟೆಲ್ಲ ಆದ ಮೇಲೆ, ನೆನಪಾದರೆ, "ಹೆಂಗ ಅದೀರಿ ಭಾವ?" ಎಂದು ಕೇಳುತ್ತಾನೆ. ಉತ್ತರಕ್ಕೆ ನಿಲ್ಲುವುದಿಲ್ಲ. ಬಾಟಲಿ ಬಿಸಿಯಾಗಿಬಿಡುತ್ತದಂತೆ!

ಇಂಥವನ ಜೊತೆ ಏಗುತ್ತಿರುವ ನಾನು ಯಾರು ಎನ್ನುವಿರಾ? ವ್ಯಾಪಾರಸ್ಥ. ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವವರಿಗೆಲ್ಲ ಜಿಪ್ಪು, ಗುಂಡಿ, ದಾರ ಮಾರುತ್ತೇನೆ. ಸೈಕಲ್ಲಿನ ಹಿಂದೆ ಚೀಲ ಕಟ್ಟಿಕೊಂಡು ಶುರು ಮಾಡಿದವನು. ಈಗ ಎರಡು ಶಟರಿನ ಅಂಗಡಿ ಇದೆ. ಈ ಜನ್ಮದಲ್ಲಿ ಯಾವ ಮಾಲಿಗೂ ಎದುರಿನವನು ಹೇಳಿದ ಬೆಲೆ ಕೊಟ್ಟವನಲ್ಲ. ನಿಮಗೂ ಒಂದು ಮಾತು ಹೇಳುತ್ತೇನೆ, ಬೇಕಾದರೆ ಬರೆದಿಟ್ಟುಕೊಳ್ಳಿ: ಎದುರಿನವನು ಬೆಲೆ ಹೇಳಿದ ತಕ್ಷಣ ಬಾಯಿ ಬಿಡಬೇಡಿ. ಸುಮ್ಮನೆ ಆಕಾಶ ನೋಡಿ. ನಿಮ್ಮ ಮೌನ ತಡೆಯಲಾರದೆ ಅವನೇ ಇಳಿಯುತ್ತಾನೆ. ಈ ಒಂದು ವಿದ್ಯೆಯಿಂದ ನಾನು ಮನೆ ಕಟ್ಟಿದ್ದೇನೆ.

ನನ್ನ ಭಾವಮೈದುನನ ವಿದ್ಯೆ ಬೇರೆ. ಸಂಗನಕಲ್ಲಿನ ಕಡೆ ಹೋಗುವ ರಸ್ತೆಯಲ್ಲಿ ಒಂದು ಸಣ್ಣ ಪ್ರಯೋಗಾಲಯವಿದೆ. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಹೊಲಸು ನೀರೆಲ್ಲ ಬಾಟಲಿಗಳಲ್ಲಿ ಅಲ್ಲಿಗೆ ಬರುತ್ತದೆ. ಅದರಲ್ಲಿ ಫಾಸ್ಫೇಟು ಎಷ್ಟಿದೆ ಎಂದು ಅಳೆಯುವುದು ಇವನ ಕೆಲಸ. ಅಳೆಯುವುದು ಇವನೂ ಅಲ್ಲ, ಯಂತ್ರ. ಆ ಯಂತ್ರದ ಸೇವೆ ಮಾಡುವುದು ಇವನ ಕೆಲಸ.

ಒಂದು ಸಲ ನೋಡಲು ಹೋಗಿದ್ದೆ. ದುಂಡನೆಯ ತಟ್ಟೆ. ಅದರ ಸುತ್ತ ಬೆರಳ ತುದಿಯಷ್ಟು ದೊಡ್ಡ ಕಪ್ಪುಗಳು. ಒಂದೊಂದರಲ್ಲೂ ಒಂದೊಂದು ಊರಿನ ಚರಂಡಿ, ಸೋಸಿ ತಿಳಿ ಮಾಡಿದ್ದು. ಗುಂಡಿ ಒತ್ತಿದರೆ ತಟ್ಟೆ ತಿರುಗುತ್ತದೆ, ಸೂಜಿ ಇಳಿದು ಕಪ್ಪಿನಿಂದ ಒಂದು ಗುಟುಕು ಹೀರುತ್ತದೆ, ತಾನೇ ಔಷಧಿ ಬೆರೆಸುತ್ತದೆ. ಒಳಗಿನ ಸಣ್ಣ ಗಾಜಿನ ನಳಿಕೆಯಲ್ಲಿ ನೀರು ನೀಲಿಯಾಗುತ್ತದೆ. ಎಷ್ಟು ಕಡುನೀಲಿಯೋ ಅಷ್ಟು ಫಾಸ್ಫೇಟು. ಅದರೊಳಗೆ ಬೆಳಕು ಹಾಯಿಸಿ ಯಂತ್ರವೇ ಲೆಕ್ಕ ಹಾಕಿ, ಪರದೆಯ ಮೇಲೆ ಸಣ್ಣ ಗುಡ್ಡದಂಥ ಗೆರೆ ಎಳೆಯುತ್ತದೆ.

"ಇದು ನಮ್ಮ ಸ್ಟೋನ್‌ವಾಶ್ ನೀಲಿ," ಎಂದೆ ನಾನು ಒಂದು ನಳಿಕೆ ತೋರಿಸಿ. "ಅದು ಡಾರ್ಕ್ ಇಂಡಿಗೋ. ಇದಕ್ಕ ಮಷೀನು ಯಾಕ ಬೇಕೋ? ನನ್ನ ಕರದಿದ್ರ ಕಣ್ಣಿಲೆ ನೋಡಿ ಹೇಳ್ತಿದ್ದೆ."

ಅವನು ನಗಲಿಲ್ಲ. "ಮೆತ್ತಗ ಮಾತಾಡ್ರಿ ಭಾವ. ಖಾಲಿ ನೀರು ಓಡಾಕ್ಹತ್ತೈತಿ."

ಖಾಲಿ ನೀರೆಂದರೆ ಏನೂ ಇಲ್ಲದ ಶುದ್ಧ ನೀರು. ದಿನಾ ಬೆಳಿಗ್ಗೆ ಮೊದಲು ಅದನ್ನು ಓಡಿಸಿ, ಯಂತ್ರ ಸೊನ್ನೆ ತೋರಿಸಿದರೆ ಮಾತ್ರ ಮುಂದಿನ ಕೆಲಸ. ಏನೂ ಇಲ್ಲದ್ದನ್ನು ಅಳೆಯುವಾಗ ಇಷ್ಟು ಭಕ್ತಿಯಿಂದ ನಿಂತವನನ್ನು ನಾನು ಬೇರೆಲ್ಲೂ ಕಂಡಿಲ್ಲ!

"ಈ ಫಾಸ್ಫೇಟು ಎಲ್ಲಿಂದ ಬರ್ತೈತಿ?" ಎಂದು ಕೇಳಿದೆ.

"ಸೋಪಿನ ಪುಡಿಯಿಂದ. ಗದ್ದಿಗೆ ಹಾಕೋ ಗೊಬ್ಬರದಿಂದ. ನಾವು ಉಣ್ಣೋದ್ರಿಂದ, ಉಂಡು ಹೊರಗ ಬಿಡೋದ್ರಿಂದ. ಹೆಚ್ಚಾದ್ರ ಕೆರಿ ಹಸಿರಾಗಿ, ಉಸಿರು ಸಿಗಲಾರದ ಮೀನು ಸಾಯ್ತಾವ."

"ಗೊಬ್ಬರ ಅಂದ್ಮ್ಯಾಲ ಸಿರುಗುಪ್ಪದ ಭತ್ತದೋರಿಗೆ ಟ್ಯಾಂಕರಿನಾಗ ಮಾರಬಾರದೇನು? ನಾ ಗಿರಾಕಿ ಹುಡುಕ್ತೀನಿ, ನೀ ಮಾಲು ಕೊಡು."

ಅವನು ನನ್ನನ್ನು ಹೊರಗೆ ಕೂರಿಸಿ ಬಾಗಿಲು ಹಾಕಿಕೊಂಡ.

ನೀರು ತರಲು ತಾನೇ ಬಸ್ಸಿನಲ್ಲಿ ಹೋಗುತ್ತಾನೆ. ಕಂಕುಳಲ್ಲಿ ಥರ್ಮಾಕೋಲಿನ ಡಬ್ಬಿ, ಅದರೊಳಗೆ ಬರ್ಫು, ಬರ್ಫಿನ ನಡುವೆ ಬಾಟಲಿ. ಒಂದು ಬೇಸಿಗೆಯಲ್ಲಿ ಸಿರುಗುಪ್ಪದಿಂದ ವಾಪಸು ಬರುವಾಗ ನಾನೂ ಜೊತೆಗಿದ್ದೆ. ಕಂಡಕ್ಟರ್ ಡಬ್ಬಿಯ ಮೇಲೆ ಕಣ್ಣಿಟ್ಟ.

"ಏಂ ಸಾಮಿ, ಕುಲ್ಫಿಯಾ? ಮೀನಾ?"

"ಎರಡೂ ಅಲ್ರಿ. ಸಿರುಗುಪ್ಪದ ಚರಂಡಿ ನೀರು."

ಕಂಡಕ್ಟರ್ ಟಿಕೆಟ್ ಹರಿಯುವುದನ್ನು ನಿಲ್ಲಿಸಿ ಕೇಳಿದ: "ಯಾಕ್ರಿ, ಬಳ್ಳಾರ್‍ಯಾಗ ಸಿಗಂಗಿಲ್ಲೇನು?"

ಎಲ್ಲರೂ ನಕ್ಕರು. ಇವನೊಬ್ಬ ನಗದೆ ಆ ಪ್ರಶ್ನೆಗೆ ಗಂಭೀರವಾಗಿ ಉತ್ತರ ಕೊಡಲು ಶುರು ಮಾಡಿದ. ಎರಡೂ ಊರಿನ ನೀರಿಗೆ ಇರುವ ವ್ಯತ್ಯಾಸವನ್ನು ಬಳ್ಳಾರಿ ಬರುವವರೆಗೆ ವಿವರಿಸಿದ. ನಮ್ಮ ಸೀಟಿನ ಸುತ್ತಮುತ್ತ ಮೂರು ಸಾಲು ಖಾಲಿಯಾಗಿದ್ದವು. ನನಗೆ ಕಾಲು ಚಾಚಿ ಕೂರಲು ಅನುಕೂಲವಾಯಿತು, ಅದು ಬೇರೆ ಮಾತು.

ಇವನನ್ನು ಅರ್ಥ ಮಾಡಿಕೊಂಡಿದ್ದವಳು ಒಬ್ಬಳೇ, ಇವನಕ್ಕ, ಅಂದರೆ ನನ್ನ ಹೆಂಡತಿ. ಹಾಗೆಂದು ಅವಳಿಂದ ಇವನಿಗೆ ಅನಾಹುತ ಆಗಲಿಲ್ಲ ಎನ್ನಬೇಡಿ! ಒಂದು ಸಂಜೆ ಖಾಲಿ ಬಾಟಲಿಗಳ ಚೀಲವನ್ನು ನಮ್ಮ ಮನೆಯಲ್ಲಿ ಇಟ್ಟು ಹೋಗಿದ್ದ. ಮರುದಿನ ಬೆಳಿಗ್ಗೆ ಇಲ್ಲಿಂದಲೇ ಕುರುಗೋಡಿನ ಬಸ್ಸು ಹತ್ತುವುದಿತ್ತು. ಅಷ್ಟರಲ್ಲಿ ಇವಳಿಗೆ ಒಂದು ಬಾಟಲಿ ಮಸಕಾಗಿ ಕಂಡಿತು. ಪಾಪ, ತಮ್ಮನ ಬಾಟಲಿ! ಸೋಪಿನ ಪುಡಿ ಹಾಕಿ, ಬ್ರಷ್ಷಿನಿಂದ ಗಸಗಸ ಉಜ್ಜಿ, ಕನ್ನಡಿಯಂತೆ ಮಾಡಿಟ್ಟಳು.

ಆ ಬಾಟಲಿಯಲ್ಲಿ ಬಂದ ಕುರುಗೋಡಿನ ನೀರನ್ನು ಯಂತ್ರ ಹೀರಿತು ನೋಡಿ, ಪರದೆಯ ಮೇಲಿನ ಗುಡ್ಡ ಚೌಕಟ್ಟು ದಾಟಿ ಮೇಲೆ ಹೋಯಿತು! ಮೂರು ಸಲ ಓಡಿಸಿದ. ಮೂರು ಸಲವೂ ಅದೇ. ಪ್ರಯೋಗಾಲಯದವರು ಜೀಪು ತೆಗೆದು ಕುರುಗೋಡಿಗೆ ಓಡಿದರು. ಚರಂಡಿಯ ಗುಂಟ ಒಂದೊಂದೇ ಚಪ್ಪಡಿ ಎತ್ತಿ ಬಗ್ಗಿ ನೋಡುತ್ತ ಹೊರಟರು. ಕಟ್ಟೆಯ ಮೇಲೆ ಕೂತಿದ್ದ ಮುದುಕ ಕೇಳಿದ, "ಯಾರ ಮನಿ ಬಂಗಾರ ಬಿದ್ದೈತ್ರಿ?"

"ಬಂಗಾರ ಅಲ್ಲಜ್ಜ, ಅದಕ್ಕಿಂತ ದೊಡ್ಡದು," ಎಂದ ನಮ್ಮವನು.

ಮುಗಿಯಿತು! ಅರ್ಧ ಬೀದಿ ಚರಂಡಿಗಿಳಿಯಿತು. ಬಂಗಾರಕ್ಕಿಂತ ದೊಡ್ಡದು ಏನಿರಬಹುದೆಂದು ಹುಡುಕುತ್ತ ಜನ ಸಂಜೆಯವರೆಗೆ ಹೂಳೆತ್ತಿದರು. ಆ ಚರಂಡಿ ಅಷ್ಟು ಸ್ವಚ್ಛವಾಗಿದ್ದು ಅದೊಂದೇ ಸಲವಂತೆ.

ಕಾರಣ ತಿಳಿದ ಮೇಲೆ ನಮ್ಮ ಪಡಸಾಲೆಯಲ್ಲಿ ನಡೆದ ಪಂಚಾಯಿತಿ ಇನ್ನೂ ನನ್ನ ಕಿವಿಯಲ್ಲಿದೆ.

"ಹೊಲಸು ನೀರು ತುಂಬಾಕ ತೊಳದ ಬಾಟಲಿ ಆಗಂಗಿಲ್ಲಂದ್ರ, ನಿನ್ನ ಓದು ಎಲ್ಲಿಗೆ ಬಂತಲೇ?" ಎಂದಳು ಅವಳು.

"ಅಕ್ಕಾ, ನಿನ್ನ ಸೋಪಿನಾಗ ಇಡೀ ಕುರುಗೋಡಿಗಿಂತ ಹೆಚ್ಚು ಫಾಸ್ಫೇಟು ಐತಿ. ಬಾಟಲಿಗೆ ಸೋಪು ಮುಟ್ಟಿಸಬಾರದು. ತೆಳು ಆಸಿಡ್ಡಿನಾಗ ತೊಳದು, ಮ್ಯಾಲ ಮೂರು ಸಲ ಶುದ್ಧ ನೀರು."

"ಹಂಗಾರ ಆಸಿಡ್ಡು ನಿಂದು. ಮೂರು ಸಲ ನೀರು ನಂದು."

ಒಪ್ಪಂದವಾಯಿತು. ಅಂದಿನಿಂದ ಅವನ ಬಾಟಲಿಗಳು ಮೂರು ಸಲದ ನೀರಿಗೆ ನಮ್ಮ ಮನೆಗೇ ಬರುತ್ತಿದ್ದವು. ಹಿತ್ತಲ ಕಟ್ಟೆಯ ಮೇಲೆ ಕೂತು ಅಕ್ಕ ತಮ್ಮ ಬಾಟಲಿ ಕುಲುಕುತ್ತ ಅದೇನು ಮಾತಾಡುತ್ತಿದ್ದರೋ! ನಾನು ಹೋದರೆ ಇಬ್ಬರೂ ಸುಮ್ಮನಾಗುತ್ತಿದ್ದರು.

ಅವಳು ಹೋಗಿ ಎರಡು ವರ್ಷವಾಗುತ್ತ ಬಂತು. ನಮಗೆ ಮಕ್ಕಳಿಲ್ಲ. ಕೊನೆಯ ದಿನಗಳಲ್ಲಿ ಆಸ್ಪತ್ರೆಯ ಮಂಚದ ಪಕ್ಕ ಕೂತು, ಹೊರಗೆ ಎಳನೀರಿನವನ ಜೊತೆ ಹೇಗೆ ಜಗ್ಗಾಡಿದೆ ಎಂದು ಹೇಳುತ್ತಿದ್ದೆ. ಅವಳು ನನ್ನ ಮಣಿಕಟ್ಟು ಹಿಡಿದಳು. "ನನ್ನ ತಮ್ಮಗ ಯಾರೂ ಇಲ್ಲ. ಮಷೀನಿನ ಜೊತಿ ಬಿಟ್ರ ಯಾರ ಜೊತಿನೂ ಮಾತಾಡಾಕ ಬರಂಗಿಲ್ಲ ಅವಗ. ಒಬ್ಬನ್ನೇ ಬಿಡಬ್ಯಾಡ್ರಿ," ಎಂದಳು. ನಾನು "ಹೂಂ" ಎಂದೆ. ಜೀವನದಲ್ಲಿ ಚೌಕಾಸಿ ಮಾಡದೆ ಒಪ್ಪಿಕೊಂಡ ವ್ಯವಹಾರ ಅದೊಂದೇ.

ಒಪ್ಪಿದ ಮೇಲೆ ಮಾಲು ತಲುಪಿಸಬೇಕಲ್ಲ? ವರ್ಷ ಕಳೆಯುವ ಮುಂಚೆಯೇ ನಲವತ್ತು ದಾಟಿದ ಇವನಿಗೆ ಹೆಣ್ಣು ಹುಡುಕಿದೆ. ಸಿರುಗುಪ್ಪದ ಹತ್ತಿರ ಕರೂರಿನಲ್ಲಿ ಗದ್ದೆ ಇದ್ದ ಮನೆ. ಹುಡುಗಿ ಸಾಲೆಯ ಟೀಚರು, ಎಳೆಯವಳಲ್ಲ. "ಮನಿಯಾಗ ನಾವು ನಾಕ ಮಂದಿ, ಜಂಜಾಟ ಇಲ್ಲ," ಎಂದರು ಹುಡುಗಿಯ ತಂದೆ. ಬಸ್ಸಿನುದ್ದಕ್ಕೂ ಇವನಿಗೆ ಪಾಠ ಮಾಡಿದ್ದೆ: ಉಪ್ಪಿಟ್ಟು ಚೆನ್ನಾಗಿದೆ ಅನ್ನು, ಹುಡುಗಿಯನ್ನು ಏನಾದರೂ ಒಂದು ಕೇಳು, ಮೋರಿ ಸುದ್ದಿ ಮಾತ್ರ ಎತ್ತಬೇಡ.

ಮೋರಿ ಸುದ್ದಿ ಎತ್ತಲಿಲ್ಲ. ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ ಬಾಟಲಿ ತುಂಬಿಕೊಂಡು ಬಂದ. ಆಮೇಲೆ, "ಹುಡುಗೀನ ಏನಾದ್ರೂ ಕೇಳಪ್ಪ" ಎಂದು ಹುಡುಗಿಯ ತಂದೆ ಹೇಳಿದಾಗ, ಗಂಟಲು ಸರಿಮಾಡಿಕೊಂಡು ಕೇಳಿದ:

"ನಿಮ್ಮ ಮನಿ ಟ್ಯಾಂಕು ದಿನಕ್ಕ ಎಷ್ಟು ಸಲ ತುಂಬಸ್ತೀರಿ?"

ಹುಡುಗಿ ಒಂದು ಕ್ಷಣ ಯೋಚಿಸಿ, "ಒಂದೂವರಿ ಸಲ ರೀ," ಎಂದಳು. ಎಂಥ ಹುಡುಗಿ! ಜೋಡಿ ಕೂಡಿತು ಎಂದುಕೊಂಡೆ ನಾನು. ಅವರ ಕಡೆಯಿಂದ ಒಪ್ಪಿಗೆಯೂ ಬಂತು. ಅಷ್ಟರಲ್ಲಿ ಇವನು ಹುಡುಗಿಯ ತಂದೆಗೆ ಫೋನು ಮಾಡಿದ: "ನೀವು ನಾಕು ಮಂದಿ ಅಂದ್ರಿ. ಫಾಸ್ಫೇಟು ನೋಡಿದ್ರ ಏಳು ಮಂದಿ ಬರ್ತೈತಿ. ನನ್ನ ಲೆಕ್ಕ ತಪ್ಪೋ ನಿಮ್ಮದು ತಪ್ಪೋ, ಒಂಚೂರು ಹೇಳ್ರಿ."

ಇವನ ಲೆಕ್ಕ ತಪ್ಪಿರಲಿಲ್ಲ. ಹಿರಿಯ ಅಳಿಯ ಹೆಂಡತಿ, ಮಗುವಿನ ಸಮೇತ ಆರು ತಿಂಗಳಿಂದ ಅಲ್ಲೇ ಬೀಡುಬಿಟ್ಟಿದ್ದನಂತೆ! ನಾವು ಹೋದ ದಿನ ಮೂವರನ್ನೂ ಸಿರುಗುಪ್ಪಕ್ಕೆ ಸಾಗಿಸಿದ್ದರು, ಮೋರಿಯಲ್ಲಿ ಮಾತ್ರ ಅವರ ಹಿಂದಿನ ದಿನದ ನೀರು ನಿಂತೇ ಇತ್ತು. "ನಮ್ಮ ಮನಿ ಮಂದಿ ಎಣಸಾಕ ಬಂದಿದ್ದೇನಲೇ ನೀನು?" ಎಂದು ಬೀಗರಾಗಬೇಕಾದವರು ಕೂಗಿದ್ದು ನನ್ನ ಅಂಗಡಿಗೂ ಕೇಳಿಸಿತು.

"ಲೇ, ಎದುರಿನವನ ಗುಟ್ಟು ಗೊತ್ತಾದ್ರ ಅದನ್ನ ಕಿಸೆದಾಗ ಇಟ್ಕೋಬೇಕು. ಬಾಯಾಗಲ್ಲ!" ಎಂದು ಬೈದೆ.

"ಲೆಕ್ಕ ಸರಿ ಬಂತಲ್ಲ ಭಾವ," ಎಂದ. ಅವನ ಮುಖದಲ್ಲಿ ಅಂಥ ಸಂತೋಷ ನಾನು ನೋಡಿರಲಿಲ್ಲ. ಆ ಸಂತೋಷ ಹೇಳಿಕೊಳ್ಳಲು ಅವನಿಗೆ ನನ್ನನ್ನು ಬಿಟ್ಟರೆ ಇನ್ನಾರೂ ಇರಲಿಲ್ಲ ಎಂಬುದೂ ಆಗಲೇ ನನಗೆ ಹೊಳೆದಿದ್ದು.

ಇನ್ನು ನಮ್ಮ ಮನೆಯ ಮೋರಿಯ ವಿಷಯ. ಅವಳ ಕಾರ್ಯಗಳೆಲ್ಲ ಮುಗಿದ ಮೊದಲ ಮಂಗಳವಾರವೇ ಬಾಟಲಿ ಹಿಡಿದು ಬಂದಿದ್ದ. "ಊರ ನೀರಿನ ಜೊತಿ ಹೋಲಿಸಾಕ ಒಂದು ಮನಿ ನೀರು ಬೇಕು ಭಾವ." ಮಂಗಳವಾರ ನನ್ನ ಅಂಗಡಿಗೆ ರಜೆ. ಸರಿ ಎಂದೆ. ವಾರಕ್ಕೊಮ್ಮೆ ಇವನು ತಾನಾಗಿ ಬಂದರೆ ನಾನು ಕೊಟ್ಟ ಮಾತು ಖರ್ಚಿಲ್ಲದೆ ನಡೆಯುತ್ತದಲ್ಲ! ನಾನು ಅವನನ್ನು ನೋಡಿಕೊಳ್ಳುತ್ತಿದ್ದೇನೆ ಎಂದು ಅವನಿಗೇ ಗೊತ್ತಾಗದಂತೆ ನೋಡಿಕೊಳ್ಳುವುದು. ಹೇಗಿದೆ ಯುಕ್ತಿ?

ನನ್ನ ದಿನಚರಿ ಕೇಳಬೇಡಿ. ಅಂಗಡಿ ಇರುವಷ್ಟು ಹೊತ್ತು ಬಾಯಿಗೆ ಬಿಡುವಿಲ್ಲ. ಶಟರ್ ಎಳೆದ ಮೇಲೆ ಆ ಬಾಯಿಗೆ ಕೆಲಸವೇ ಇಲ್ಲ. ಮನೆಗೆ ಬಂದು ಟಿವಿ ಹಚ್ಚುತ್ತಿದ್ದೆ, ನೋಡಲಿಕ್ಕಲ್ಲ, ಸದ್ದಿಗೆ. ಒಮ್ಮೆ ಅನ್ನ ಮಾಡಿದರೆ ಎರಡು ದಿನ. ಕೆಲವು ಸಲ ಅದೂ ಇಲ್ಲ. ಅವಳಿದ್ದಾಗ ಬದನೆಕಾಯಿಗೆ ಉಪ್ಪು ಸಾಲದೆಂದು ಜಗಳ ತೆಗೆಯುತ್ತಿದ್ದವನು, ಈಗ ಉಪ್ಪೇ ಹಾಕದೆ ಉಂಡು ಎದ್ದದ್ದೂ ಉಂಟು. ಯಾರಾದರೂ ಕೇಳಿದರೆ, "ಭರ್ಜರಿ ಊಟ ಆಯ್ತು!" ಎನ್ನುತ್ತಿದ್ದೆ. ಮಾಲು ಖಾಲಿಯಾಗಿದೆ ಎಂದು ಯಾವ ವ್ಯಾಪಾರಿ ಬೋರ್ಡು ಹಾಕುತ್ತಾನೆ ಹೇಳಿ?

ಒಂದು ಮಂಗಳವಾರ ಹಿಂದಿನ ವಾರದ ಫಲಿತಾಂಶ ಕೇಳಿದೆ. ಅವನು ಚೀಟಿ ನೋಡಿ ಹೇಳಿದ:

"ನಿಮ್ಮ ಮನಿಯಾಗ ಮುಕ್ಕಾಲು ಮನುಷ್ಯ ಅದಾನ ಭಾವ."

"ಏನಂದಿ?"

"ಒಬ್ಬ ಮನುಷ್ಯ ಇದ್ರ ದಿನಕ್ಕ ಇಷ್ಟು ಫಾಸ್ಫೇಟು ಬರಬೇಕಂತ ಒಂದು ಅಂದಾಜು ಐತಿ. ನಿಮ್ಮದು ಅದರ ಮುಕ್ಕಾಲು ಬಂದೈತಿ."

ನೋಡಿ, ಎರಡು ಶಟರಿನ ಅಂಗಡಿಯ ಯಜಮಾನನಿಗೆ, ಅವನದೇ ಹಿತ್ತಲಿನಲ್ಲಿ ನಿಂತು, ನೀನು ಪೂರಾ ಮನುಷ್ಯನಲ್ಲ ಎಂದ! ನನಗೆ ರೋಷ ಬಂತು. ತೂಕ ಕಡಿಮೆ ಬಂದರೆ ವ್ಯಾಪಾರಿಗೆ ಏನು ಮಾಡಬೇಕೆಂದು ಗೊತ್ತಿಲ್ಲವೇ? ಮುಂದಿನ ಮಂಗಳವಾರ ಅವನು ಬರುವ ಮುಂಚೆ ಎರಡು ಹಿಡಿ ಸೋಪಿನ ಪುಡಿಯನ್ನು ನೀರಿನಲ್ಲಿ ಕಲಸಿ ಚೇಂಬರಿಗೆ ಸುರಿದೆ. ಏನೂ ತಿಳಿಯದವನಂತೆ ಪೇಪರು ಹಿಡಿದು ಕೂತೆ.

ಅದರ ಮುಂದಿನ ವಾರ ಕೇಳಿದೆ, "ಏನಪ್ಪ, ಈ ಸಲ ಎಷ್ಟು?"

"ಹನ್ನೊಂದು ಮಂದಿ," ಎಂದ, ಮುಖದಲ್ಲಿ ಒಂದು ಗೆರೆಯೂ ಅಲುಗದೆ.

"ಹಾಂ... ನೆಂಟರು ಬಂದಿದ್ರು."

"ಹೌದ?" ಎಂದ. ಅಷ್ಟೇ. ಬಾಟಲಿ ತುಂಬಿಕೊಂಡು ಹೋದ.

ಕೆಲವು ತಿಂಗಳ ಹಿಂದೆ ಒಂದು ಮಂಗಳವಾರ ಅವನು ಬರಲಿಲ್ಲ. ಒಂಬತ್ತಾಯಿತು, ಹತ್ತಾಯಿತು. ನನಗೇನು? ನನಗೆ ನೂರು ಕೆಲಸ. ಆದರೂ ಗೇಟಿನ ಸದ್ದಾದರೆ ಎದ್ದು ನೋಡುತ್ತಿದ್ದೆ. ಹಾಲಿನ ಲೆಕ್ಕದವನು ಬಂದ, ಪಕ್ಕದ ಮನೆಯ ಬೆಕ್ಕು ಬಂತು. ಹನ್ನೊಂದಕ್ಕೆ ಹಿತ್ತಲಿಗೆ ಹೋಗಿ ನಾನೇ ಚೇಂಬರಿನ ಮುಚ್ಚಳ ಎತ್ತಿ ನೋಡಿದೆ. ಯಾಕೆ ನೋಡಿದೆನೋ! ಕಪ್ಪು ನೀರಿನಲ್ಲಿ ನನ್ನ ಮುಖವೇ ಕಂಡಿತು, ಒಂದೇ ಒಂದು. ಮುಚ್ಚಳ ಹಾಕಿ, ಸ್ಕೂಟರ್ ತೆಗೆದು ಪ್ರಯೋಗಾಲಯಕ್ಕೆ ಹೋದೆ.

ಅವನು ಯಂತ್ರದ ಹೊಟ್ಟೆ ಬಿಚ್ಚಿಕೊಂಡು ನೆಲದ ಮೇಲೆ ಕೂತಿದ್ದ. "ಬರ್ರಿ ಭಾವ. ಪಂಪಿನ ಪೈಪು ಹರದೈತಿ. ಅದಕ್ಕ ಬರಾಕ ಆಗಲಿಲ್ಲ."

ಸ್ಟೂಲಿನ ಮೇಲೆ ಕೂತೆ. ಮೇಜಿನ ಮೇಲೆ ಒಂದು ನೋಟ್‌ಬುಕ್ಕಿತ್ತು. ರಟ್ಟಿನ ಮೇಲೆ ಅವನ ಗುಂಡು ಅಕ್ಷರದಲ್ಲಿ 'ಅಕ್ಕನ ಮನಿ' ಎಂದಿತ್ತು. ಇನ್ನೊಬ್ಬರ ಪುಸ್ತಕ ತೆರೆಯಬಾರದು ಎನ್ನುತ್ತಾರೆ. ವ್ಯಾಪಾರಿಗೆ ಆ ನಿಯಮ ಅನ್ವಯಿಸುವುದಿಲ್ಲ. ತೆರೆದೆ. ಎಡಕ್ಕೆ ವಾರ, ಮೀಟರು, ಫಾಸ್ಫೇಟಿನ ಅಂಕಿ. ಬಲಕ್ಕೆ ಒಂದೊಂದು ಸಾಲು.

'ಎರಡು ದಿನ ಒಲಿ ಹಚ್ಚಿಲ್ಲ. ಒಗ್ಗರಣಿ ಮಿರ್ಚಿ ಒಯ್ಯೋದು.'

ಹೌದು, ಒಂದು ಸಂಜೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಕಟ್ಟಿಸಿಕೊಂಡು ಬಂದಿದ್ದ. ಇಷ್ಟಕ್ಕೆ ಎಷ್ಟು ಕೊಟ್ಟೆ, ಮೋಸ ಹೋದೆ ಎಂದು ಬೈಯುತ್ತ ಪೂರಾ ತಿಂದಿದ್ದೆ.

'ಬಟ್ಟಿ ಒಗದಾರ. ಅಡಗಿ ಮಾಡ್ಯಾರ. ಛಲೋ.'

'ಅಕ್ಕನ ವರ್ಷದ ತಿಥಿ ಮರುದಿನ. ಏನೂ ಇಲ್ಲ, ಖಾಲಿ ನೀರು ಇದ್ದಂಗೈತಿ. ಹೋಗಿ ಕುಂತು ಬರೋದು.'

ಅದೂ ನೆನಪಾಯಿತು. ಬಂದವನು ಮಾತಿಲ್ಲದೆ ಎರಡು ತಾಸು ಕೂತಿದ್ದ. ಏನು ಕೆಲಸ ಎಂದು ಕೇಳಿದ್ದಕ್ಕೆ, ಬಸ್ಸು ತಡ ಎಂದಿದ್ದ.

'ಸೋಪಿನ ಪುಡಿ ಸುರುವ್ಯಾರ. ನೊರಿ ಐತಿ, ಜಿಡ್ಡಿಲ್ಲ, ಅನ್ನದ ಅಗುಳಿಲ್ಲ. ಸುಳ್ಳು. ಕೇಳೋದು ಬ್ಯಾಡ.'

ಪುಸ್ತಕ ಮುಚ್ಚಿದೆ. ಅವನು ಪೈಪಿನ ತುದಿ ಊದುತ್ತಿದ್ದ.

"ಉಂಡೀರೇನು ಅಂತ ನನ್ನ ಕೇಳಿದ್ರ ಆಗ್ತಿದ್ದಿಲ್ಲೇನೋ?" ಎಂದೆ.

"ಕೇಳಿದ್ರ ಏನಂತಿದ್ರಿ?"

"ಉಂಡೀನಿ ಅಂತಿದ್ದೆ."

"ಅದಕ್ಕ ಮೋರಿನ್ನ ಕೇಳಿದೆ."

ನಾನು ಜೋರು ಮಾಡಿದೆ. "ಲೇ, ನೋಡ್ಕೋಬೇಕಾದಾಂವ ನಾನು! ನಿನ್ನ ಒಬ್ಬನ್ನೇ ಬಿಡಬಾರದಂತ ನಿಮ್ಮಕ್ಕ ನನ್ನ ಕಡಿಂದ ಮಾತು ತಗೊಂಡಾಳ."

ಅವನು ಪೈಪು ಕೆಳಗಿಟ್ಟ. "ನನ್ನ ಕಡಿಂದನೂ ತಗೊಂಡಾಳ."

"ಏನಂತ?"

"'ನಿಮ್ಮ ಭಾವಂದು ಬಾಯಿ ಅಷ್ಟ ಜೋರು. ಹಸದ್ರ ಹೇಳಂಗಿಲ್ಲ. ನೀನ ನೋಡ್ಕೋ' ಅಂತ. ಕಟ್ಟಿ ಮ್ಯಾಲ ಬಾಟಲಿ ತೊಳಿಯುವಾಗ ಹೇಳಿದ್ಲು."

ಮೂವತ್ತು ವರ್ಷ ವ್ಯಾಪಾರ ಮಾಡಿದ್ದೇನೆ. ಇಂಥ ವ್ಯವಹಾರ ಕಂಡಿಲ್ಲ! ನನ್ನನ್ನು ಅವನಿಗೆ ಒಪ್ಪಿಸಿ, ಅವನನ್ನು ನನಗೆ ಒಪ್ಪಿಸಿ, ಇಬ್ಬರಿಗೂ ತಮ್ಮದೇ ಮೇಲುಗೈ ಎಂಬ ಭ್ರಮೆ ಹುಟ್ಟಿಸಿ, ಕೈ ಝಾಡಿಸಿಕೊಂಡು ಹೊರಟುಹೋಗಿದ್ದಳು. ನಾನು ಅವಳಿಗೆ ಚೌಕಾಸಿ ಕಲಿಸಿದ್ದೆ ಎಂದುಕೊಂಡಿದ್ದೆ.

ಈಗ ಅವನು ಅಂಗಡಿ ಮುಚ್ಚುವ ಹೊತ್ತಿಗೆ ಊಟಕ್ಕೆ ನಮ್ಮ ಮನೆಗೇ ಬರುತ್ತಾನೆ, ಕೊನೆಯ ಬಸ್ಸಿಗೆ ತನ್ನ ಬಾಡಿಗೆ ಕೋಣೆಗೆ ಹೋಗುತ್ತಾನೆ. ಅನ್ನ ನನ್ನದು, ಸಾರು ಅವನದು. ಉಪ್ಪನ್ನು ತಕ್ಕಡಿಯಲ್ಲಿ ತೂಗಿ ಹಾಕುತ್ತಾನೆ, ಆದರೂ ಹೆಚ್ಚಾಗಿರುತ್ತದೆ! ಬಾಟಲಿಗಳೂ ಮತ್ತೆ ನಮ್ಮ ಹಿತ್ತಲಿಗೆ ಬರುತ್ತಿವೆ. ಆಸಿಡ್ಡು ಅವನದು. ಮೂರು ಸಲ ನೀರು ನನ್ನದು. ನಿಮಗೂ ಹೇಳುತ್ತೇನೆ, ಸೋಪು ಮುಟ್ಟಿಸಬೇಡಿ. ಎರಡು ಸಲ ಸಾಕು ಎಂದು ಅವಸರ ಮಾಡಬೇಡಿ. ಮೂರನೆಯ ಸಲಕ್ಕೇ ಬಾಟಲಿಯ ಸದ್ದು ಬದಲಾಗುವುದು.

ಹೋದ ಮಂಗಳವಾರ ಬೆಳಿಗ್ಗೆ ಹಿತ್ತಲ ಕಟ್ಟೆಯ ಮೇಲೆ ಕೂತು ಬಾಟಲಿ ಕುಲುಕುತ್ತಿದ್ದೆವು. ಅವನು ಚೀಟಿ ತೆಗೆದ.

"ಭಾವ, ಹೊಸ ಲೆಕ್ಕ. ಒಂದೂ ಮುಕ್ಕಾಲು."

"ಎರಡು ಅಂತ ಬರಿಯೋ ಮಾರಾಯ. ಕಾಲು ಭಾಗಕ್ಕ ಯಾಕ ಜಗ್ಗಾಡ್ತಿ?"

"ಮಷೀನು ತೋರಿಸಿದ್ದ ಬರೀಬೇಕು."

ನಾನು ಬಾಯಿ ಮುಚ್ಚಿ ಆಕಾಶ ನೋಡಿದೆ. ಅವನು ಇಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಅವನೂ ತಲೆಯೆತ್ತಿ ಅಲ್ಲೇ ನೋಡಿದ. ಉಳಿದ ಕಾಲು ಭಾಗ ಎಲ್ಲಿದೆ ಎಂದು ಇಬ್ಬರಿಗೂ ಗೊತ್ತಿತ್ತು.